ಅಂಚೆಯಲ್ಲಿ ಕಾದಂಬರಿ ಕಲಿತದ್ದು: ನನ್ನ ಅನುಭವ

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಎಷ್ಟು ಚೀಲ ಬಂತು, ಬೇಳೆ ಎಷ್ಟು ಹೋಯಿತು, ಹಮಾಲರಿಗೆ ಎಷ್ಟು ಕೊಟ್ಟೆವು, ಇದೇ ನನ್ನ ದಿನ. ಕಾದಂಬರಿ ಬರೆಯಬೇಕು ಅನ್ನೋ ಆಸೆ ಕಾಲೇಜಿನಿಂದಲೂ ಇತ್ತು. ಮೂರು ಸಲ ಶುರು ಮಾಡಿದ್ದೆ. ಮೂರೂ ಸಲ ನಲವತ್ತು ಪುಟದ ಹತ್ತಿರ ನಿಂತುಹೋಯಿತು. ಮುಂದಿನ ಕಥೆ ಗೊತ್ತಿತ್ತು, ಆದರೂ ಬರೆಯೋಕೆ ಕೂತರೆ ಏನೋ ಸರಿಯಿಲ್ಲ ಅನಿಸುತ್ತಿತ್ತು. ಏನು ಸರಿಯಿಲ್ಲ ಅಂತ ಹೇಳುವವರು ಯಾರೂ ಇರಲಿಲ್ಲ. ಗೆಳೆಯರಿಗೆ ಕೊಟ್ಟರೆ "ಭಾಳ ಛಲೋ ಅದ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು, ಆದರೆ ಅದರಿಂದ ನಲವತ್ತೊಂದನೇ ಪುಟ ಬರುವುದಿಲ್ಲ.

ಅಂಚೆ ಮೂಲಕ ಕಲಿಸುವ ಕೋರ್ಸ್ ಬಗ್ಗೆ ಯೋಚಿಸಿದ್ದು ಆಗ. ಮೊದಲನೆಯದರಲ್ಲಿ ಹಣ ಹೋಯಿತು. ಅದು 2018. ಪೂರ್ತಿ ಫೀಸು ಒಂದೇ ಸಲ ಕಟ್ಟಿದೆ. ಎರಡು ಪಾಠ ಬಂದವು. ನಾನು ಬರೆದು ಕಳಿಸಿದ ಅಭ್ಯಾಸಕ್ಕೆ ಉತ್ತರ ಅಂತ ಬಂದದ್ದು ಅಚ್ಚು ಹಾಕಿಸಿದ ಒಂದು ಹಾಳೆ. 'ನಿಮ್ಮ ಶೈಲಿ ಚೆನ್ನಾಗಿದೆ, ಇನ್ನಷ್ಟು ಓದಿ' ಅಂತ ಇತ್ತು. ನನ್ನ ಪಾತ್ರದ ಹೆಸರು ಕೂಡ ಅದರಲ್ಲಿ ಇರಲಿಲ್ಲ. ಮೂರನೇ ಪಾಠ ಬರಲೇ ಇಲ್ಲ. ತುಂಬಾ ಬೇಜಾರಾಯಿತು, ನಾಲ್ಕು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಎರಡನೆಯದು 2022ರ ಜೂನ್‌ನಲ್ಲಿ. ಮೈಸೂರು ಕಡೆಯ ನಿವೃತ್ತ ಉಪನ್ಯಾಸಕರೊಬ್ಬರು ಏಳೆಂಟು ಜನರಿಗೆ ಮಾತ್ರ ಕಲಿಸುತ್ತಿದ್ದರು. ಈ ಸಲ ಮೊದಲೇ ಪತ್ರ ಬರೆದು ಮೂರು ವಿಷಯ ಕೇಳಿದೆ. ನನ್ನ ಬರಹವನ್ನು ಯಾರು ಓದುತ್ತಾರೆ? ಒಟ್ಟು ಎಷ್ಟು ಪುಟ ಓದುತ್ತಾರೆ? ತಿದ್ದಿದ ಒಂದು ಹಾಳೆ ಮಾದರಿಗೆ ಕಳಿಸುತ್ತೀರಾ? ಮೂರಕ್ಕೂ ಕೈಬರಹದಲ್ಲೇ ಉತ್ತರ ಬಂತು. ಫೀಸು ಪಾಠಕ್ಕೊಮ್ಮೆ ಕಟ್ಟಿದರೆ ಸಾಕು ಅಂದರು. ನೀವು ಎಲ್ಲೇ ಸೇರಿದರೂ ಈ ಮೂರನ್ನು ಕೇಳದೆ ಹಣ ಕೊಡಬೇಡಿ.

ಒಟ್ಟು 12 ಪಾಠ. ಪ್ರತಿ ಪಾಠ ಎಂಟು ಹತ್ತು ಪುಟ, ಕೊನೆಯಲ್ಲಿ ಒಂದು ಅಭ್ಯಾಸ. ನಾವು ಬರೆದು ಕಳಿಸಬೇಕು, ಅವರು ಪೆನ್ಸಿಲ್‌ನಲ್ಲಿ ಗುರುತು ಹಾಕಿ ವಾಪಸ್ ಕಳಿಸುತ್ತಾರೆ. ತಿಂಗಳಿಗೊಂದು ಅಂತ ಲೆಕ್ಕ. ನನಗೆ 17 ತಿಂಗಳು ಹಿಡಿಯಿತು, ಏಕೆಂದರೆ ಡಿಸೆಂಬರ್ ಕೊನೆಗೆ ಹೊಸ ತೊಗರಿ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಬರೋಕೆ ಶುರುವಾದರೆ ಮಿಲ್‌ನಲ್ಲಿ ರಾತ್ರಿ ಒಂಬತ್ತಾದರೂ ಲೆಕ್ಕ ಮುಗಿಯುವುದಿಲ್ಲ.

ಇದನ್ನು ಕೇಳಿದ ಒಬ್ಬ ಗೆಳೆಯ ಬೈದ. "ಕುರಿತು ಓದದಿದ್ದರೂ ಕಾವ್ಯ ಬಲ್ಲ ಜನ ನಾವು ಅಂತ ಕವಿರಾಜಮಾರ್ಗದಾಗೇ ಅದ, ನೀ ಪೋಸ್ಟ್‌ನಾಗ ಕಲೀತೀಯಾ?" ಅಂದ. ಅವನ ಮಾತು ತುಂಬಾ ದಿನ ಕೊರೆಯಿತು. ಆಮೇಲೆ ಹೊಳೆಯಿತು. ಕವಿರಾಜಮಾರ್ಗ ಬರೆಯುವುದು ಹೇಗೆ ಅಂತ ಹೇಳಿಕೊಡುವ ಗ್ರಂಥವೇ ಅಲ್ವಾ? ಯಾವುದು ದೋಷ, ಯಾವುದು ಗುಣ, ಯಾವ ಮಾತು ಯಾವುದರ ಜೊತೆ ಹೊಂದುವುದಿಲ್ಲ, ಇದೇ ಅದರ ತುಂಬ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥ ಅದು, ಸುಮಾರು ಕ್ರಿ.ಶ. 850ರದ್ದು. ಹುಟ್ಟಿದ್ದು ರಾಷ್ಟ್ರಕೂಟರ ಮಳಖೇಡದಲ್ಲಿ. ಕಾಗಿಣಾ ದಂಡೆಯ ಆ ಊರು ನನ್ನ ಮನೆಯಿಂದ ಸುಮಾರು 40 ಕಿಲೋಮೀಟರ್. ಓದದೆಯೂ ಬಲ್ಲವರು ಅಂತ ನಮ್ಮನ್ನು ಹೊಗಳಿದ ಪುಸ್ತಕವೇ ಕಲಿಸುವ ಕೆಲಸವನ್ನೂ ಮಾಡಿದೆ. ಗೆಳೆಯನಿಗೆ ಇದನ್ನೇ ಹೇಳಿದೆ, ಒಪ್ಪಿಕೊಂಡ.

ಇನ್ನು ನಿಜವಾಗಿ ಕಲಿತದ್ದು ಹೇಳುತ್ತೇನೆ.

ನನ್ನ ಕಾದಂಬರಿ ಹೊಲ ಪಾಲಾದ ಇಬ್ಬರು ಅಣ್ಣತಮ್ಮಂದಿರದು. ಆ ವರ್ಷವೇ, ಅಂದರೆ 2022ರ ಹಂಗಾಮಿನಲ್ಲಿ, ನಮ್ಮ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಂತು. ಊರಲ್ಲಿ ನಮ್ಮಣ್ಣನ ಹೊಲವೂ ಹೋಯಿತು. ನಾನು ಅದನ್ನು ಅಭ್ಯಾಸಕ್ಕೆ ಬರೆದೆ: 'ನೆಟೆ ರೋಗದಿಂದ ಬೆಳೆಯೆಲ್ಲ ಒಣಗಿತು. ಅವನ ಎದೆ ಒಡೆಯಿತು.' ಎರಡು ವಾಕ್ಯ. ವಾಪಸ್ ಬಂದ ಹಾಳೆಯ ಮಾರ್ಜಿನ್‌ನಲ್ಲಿ ಸರ್ ಬರೆದಿದ್ದರು: 'ಹೇಗೆ ಒಣಗುತ್ತೆ? ನಾನು ತೊಗರಿ ಹೊಲ ನೋಡಿಲ್ಲ. ಯಾರು ಮೊದಲು ನೋಡಿದರು? ಎಷ್ಟೊತ್ತಿಗೆ?'

ನನಗೂ ಗೊತ್ತಿರಲಿಲ್ಲ! ನಾನು ನೋಡುವುದು ಚೀಲದೊಳಗಿನ ತೊಗರಿ. ಆ ಭಾನುವಾರ ಬಸ್ ಹತ್ತಿ ಊರಿಗೆ ಹೋದೆ. ಅಣ್ಣ ಹೊಲದಲ್ಲಿ ತೋರಿಸಿದ. ಹೂವು ಕಾಯಿ ಹಿಡಿದ ಗಿಡ, ಪಕ್ಕದ್ದು ಹಸಿರಾಗಿ ನಿಂತಿದೆ, ಇದು ಎಲೆ ಜೋಲು ಬಿಟ್ಟಿದೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ ನೀರು ಏರುವ ದಾರಿಯನ್ನೇ ಕಟ್ಟುತ್ತದೆ, ಅದಕ್ಕೇ ನೆಲ ಹಸಿಯಿದ್ದರೂ ಗಿಡ ನೀರಿಲ್ಲದಂತೆ ಬಾಡುತ್ತದೆ. ಅಣ್ಣ ಒಂದು ಗಿಡ ಕಿತ್ತು ಕಾಂಡ ಸೀಳಿದ. ಒಳಗೆ ಉದ್ದಕ್ಕೂ ಕಪ್ಪು ಗೆರೆ. ಏನೂ ಮಾತಾಡಲಿಲ್ಲ, ಇನ್ನೊಂದು ಕಿತ್ತ, ಅದನ್ನೂ ಸೀಳಿದ, ಆಮೇಲೆ ಸಾಲು ಬಿಟ್ಟು ಸಾಲು ಕೀಳುತ್ತಾ ಹೋದ, ಕಪ್ಪು ಇಲ್ಲದ್ದು ಒಂದಾದರೂ ಸಿಗುತ್ತದಾ ಅಂತ ಹುಡುಕುವವನ ಹಾಗೆ. ಅದನ್ನು ಹಾಗೇ ನಾಲ್ಕು ಪುಟ ಬರೆದೆ. ಎದೆ ಒಡೆಯಿತು ಅನ್ನುವ ವಾಕ್ಯ ಬೇಕಾಗಲೇ ಇಲ್ಲ. ಮಾರ್ಜಿನ್‌ನಲ್ಲಿ ಈ ಸಲ ಒಂದೇ ಮಾತು: 'ಕಂಡೆ.'

ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ದೂರದ ಓದುಗ ಅಂದರೆ ಏನು ಅಂತ ಆಗ ಅರ್ಥವಾಯಿತು. ಊರವರಿಗೆ ನೆಟೆ ಅಂದರೆ ಸಾಕು, ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ಆದ್ದರಿಂದಲೇ ನನ್ನ ಗೆಳೆಯರಿಗೆ ಎಲ್ಲ ಛಲೋ ಕಾಣುತ್ತಿತ್ತು. ಸರ್‌ಗೆ ನನ್ನ ಮುಖ ಗೊತ್ತಿಲ್ಲ, ನಮ್ಮ ನೆಲ ಗೊತ್ತಿಲ್ಲ. ಅವರ ಕೈಯಲ್ಲಿ ಇರುವುದು ಹಾಳೆ ಮಾತ್ರ. ಹಾಳೆಯಲ್ಲಿ ಇಲ್ಲದ್ದು ಅವರಿಗೆ ಇಲ್ಲ. ಎದುರಿಗೆ ಕೂತು ಕಲಿತಿದ್ದರೆ ನಾನು ಬಾಯಲ್ಲಿ ವಿವರಿಸಿ ಪಾರಾಗುತ್ತಿದ್ದೆ.

ಇತಿಹಾಸದ ವಿಷಯದಲ್ಲೂ ಇದೇ ಆಯಿತು. ಅಣ್ಣತಮ್ಮಂದಿರ ಆಯಿ, ಅಂದರೆ ಅಜ್ಜಿ, ಹೈದರಾಬಾದ್ ನಿಜಾಮರ ಪರ ನಿಂತಿದ್ದ ರಜಾಕಾರರ ಪಡೆಯ ಹಾವಳಿ ಕಂಡವಳು. ಹಾಗಾಗಿ ನಿಜಾಮರ ಆಡಳಿತ, ಅದರ ವಿರುದ್ಧ ಹೋರಾಡಿದವರ ಗಡಿ ಶಿಬಿರಗಳು, ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಆಕ್ಷನ್, ಎಲ್ಲವನ್ನೂ 11 ಪುಟ ಬರೆದಿದ್ದೆ. ನಮ್ಮ ಭಾಗದ ಈ ಕಥೆ ಉಳಿದ ಕರ್ನಾಟಕಕ್ಕೆ ಗೊತ್ತಾಗಬೇಕು ಅನ್ನುವ ಆಸೆ ನನಗೆ ಈಗಲೂ ಇದೆ. ಸರ್ ಹನ್ನೊಂದು ಪುಟಕ್ಕೂ ಒಂದು ಉದ್ದ ಗೆರೆ ಎಳೆದು 'ಇಲ್ಲಿ ಆಯಿ ಎಲ್ಲಿದ್ದಾಳೆ?' ಅಂತ ಕೇಳಿದ್ದರು. ಎರಡು ದಿನ ಸಿಟ್ಟು ಬಂದಿತ್ತು. ಆಮೇಲೆ ಓದಿದರೆ ಖರೆನೇ, ಹನ್ನೊಂದು ಪುಟದಲ್ಲಿ ಒಂದು ಜೀವವೂ ಇರಲಿಲ್ಲ. ಎಲ್ಲ ತೆಗೆದೆ. ಒಂದೇ ರಾತ್ರಿ ಇಟ್ಟುಕೊಂಡೆ. ಹತ್ತು ವರ್ಷದ ಹುಡುಗಿಯನ್ನು ಜೋಳ ತುಂಬುವ ಹಗೇವಿನೊಳಗೆ ಇಳಿಸಿ ಮೇಲೆ ಕಲ್ಲು ಮುಚ್ಚುತ್ತಾರೆ. ಅವಳಿಗೆ ಕೇಳಿಸುವುದು ಮೇಲಿನ ಕುದುರೆ ಸಪ್ಪಳ, ಹತ್ತುವುದು ಹಳೇ ಜೋಳದ ಬಿಸಿ ಘಾಟು. ತಾರೀಖು ಎಲ್ಲೂ ಇಲ್ಲ. ಹಗೇವು ಅಂದರೆ ನೆಲದೊಳಗಿನ ಕಣಜ ಅಂತಲೂ ಬರೆದಿಲ್ಲ. ಅವಳು ಇಳಿಯುವಾಗ ಓದುಗನೂ ಇಳಿಯುತ್ತಾನೆ, ಗೊತ್ತಾಗುತ್ತದೆ.

ಭಾಷೆಯದು ಜಾಸ್ತಿ ಒದ್ದಾಟ. ನನ್ನ ಮೊದಲ ಪುಟಗಳಲ್ಲಿ ಅವ್ವ ಮಗನಿಗೆ 'ನೀನು ಎಲ್ಲಿಗೆ ಹೋಗುತ್ತಿದ್ದೀಯೆ? ಊಟ ಮಾಡಿ ಹೋಗು' ಅನ್ನುತ್ತಿದ್ದಳು. ಸರ್ ಕೇಳಿದ್ದು: 'ನಿಮ್ಮ ತಾಯಿ ಹೀಗೇ ಮಾತಾಡ್ತಾರಾ?' ಇಲ್ಲ. ನಮ್ಮವ್ವ "ಎಲ್ಲಿಗಿ ಹೊಂಟಿದಿ ಯಪ್ಪಾ, ಉಂಡಾರ ಹೋಗ್" ಅನ್ನುತ್ತಾಳೆ. ಚಿಕ್ಕಂದಿನಿಂದ ನಮ್ಮ ಮಾತು ಪುಸ್ತಕಕ್ಕೆ ತಕ್ಕದ್ದಲ್ಲ ಅಂತ ಕೇಳಿ ಕೇಳಿ ಬೆಳೆದವನು ನಾನು, ಬರೆಯೋಕೆ ಕೂತ ತಕ್ಷಣ ಕೈ ತಾನಾಗೇ ಅವ್ವನ ಮಾತನ್ನು ತಿದ್ದಿಬಿಡುತ್ತಿತ್ತು. ಇದು ನನಗೆ ಗೊತ್ತೇ ಇರಲಿಲ್ಲ, ಆ ಒಂದು ಪ್ರಶ್ನೆ ಬರುವವರೆಗೆ. ಅವತ್ತು ಅವ್ವನ ಮುಂದೆ ಕೂತು ಆಡಿದ್ದನ್ನೆಲ್ಲ ಸುಮ್ನೆ ಬರೆದುಕೊಂಡೆ.

ಮುಂದಿನ ಪಾಠಕ್ಕೆ ಎಲ್ಲವನ್ನೂ ಹಾಗೇ ತುಂಬಿದೆ. ಆಗ ಸರ್‌ಗೆ ಅರ್ಧ ಅರ್ಥವಾಗಲಿಲ್ಲ. 'ಮಾಡ್ಲಕತ್ತಾನ' ಅವರಿಗೆ ತಿಳಿಯಿತು, ಆದರೆ ಒಂದೇ ಸಾಲಿನಲ್ಲಿ ನಾಲ್ಕು ಹೊಸ ಮಾತು ಬಂದರೆ ತಡವರಿಸುತ್ತಿದ್ದರು. ಪತ್ರದಲ್ಲೇ ಮಾತಾಡಿ ಒಂದು ದಾರಿ ಹಿಡಿದೆವು. ಮಾತಿನಲ್ಲಿ ಕ್ರಿಯಾಪದದ ಕೊನೆ ನಮ್ಮದೇ ಇರಲಿ, ಕರೆಯುವ ರೀತಿ ನಮ್ಮದೇ ಇರಲಿ. ಹೊಸ ಮಾತು ಬಂದಾಗ ಅದರ ಪಕ್ಕ ಒಂದು ಕೆಲಸ ಇರಲಿ. 'ಅವ್ವ ಕಣಕಿ ತಂದಳು' ಅಂದರೆ ಆಚೆಯವರಿಗೆ ತಿಳಿಯದು. 'ಅವ್ವ ಎತ್ತಿನ ಮುಂದೆ ಒಂದು ಸಿವುಡು ಕಣಕಿ ಬಿಚ್ಚಿ ಹಾಕಿದಳು' ಅಂದರೆ ತಿಳಿಯುತ್ತದೆ. ಪುಸ್ತಕದ ಕೊನೆಗೆ ಪದಗಳ ಅರ್ಥದ ಪಟ್ಟಿ ಬೇಡ ಅಂತ ನಾನೇ ತೀರ್ಮಾನಿಸಿದೆ. ಕವಿರಾಜಮಾರ್ಗದವನೂ ಕನ್ನಡದ ದೇಸಿಗಳು, ಅಂದರೆ ಆಯಾ ಸೀಮೆಯ ಮಾತುಗಳು, ಬೇರೆ ಬೇರೆ, ಸರ್ಪರಾಜ ವಾಸುಕಿಗೂ ಅರಿಯಲಾಗದೆ ಬೇಸರ ಬಂದೀತು ಅಂದಿದ್ದಾನೆ. ನಮ್ಮ ಕಷ್ಟ ಹಳೆಯದು.

ಕಾಯುವುದರ ಬಗ್ಗೆ ಹೇಳಲೇಬೇಕು. ಕಳಿಸಿದ್ದು ವಾಪಸ್ ಬರೋಕೆ ಮೂರು ವಾರ ಆಗುತ್ತಿತ್ತು. ಮೊದಮೊದಲು ಚಡಪಡಿಸುತ್ತಿದ್ದೆ. ಆಮೇಲೆ ನೋಡಿದರೆ, ಲಕೋಟೆ ಬಿಚ್ಚುವ ಹೊತ್ತಿಗೆ ನನ್ನ ಬರಹ ನನಗೇ ಮರೆತಿರುತ್ತಿತ್ತು, ಬೇರೆಯವರದ್ದನ್ನು ಓದಿದ ಹಾಗೆ ಓದುತ್ತಿದ್ದೆ. ಸರ್ ಗುರುತು ಹಾಕದ ತಪ್ಪುಗಳೂ ಕಾಣುತ್ತಿದ್ದವು. ಈಗ ಕೋರ್ಸ್ ಮುಗಿದರೂ ಪ್ರತಿ ಅಧ್ಯಾಯವನ್ನು ಮೂರು ವಾರ ಪೆಟ್ಟಿಗೆಯಲ್ಲಿ ಇಟ್ಟೇ ತಿದ್ದುತ್ತೇನೆ.

ಕೆಲವು ಸಣ್ಣ ವಿಷಯ. ಹಾಳೆಯ ಒಂದೇ ಬದಿ ಬರೆಯಿರಿ, ಸಾಲುಗಳ ನಡುವೆ ಜಾಗ ಬಿಡಿ, ಎಡಗಡೆ ನಾಲ್ಕು ಬೆರಳು ಮಾರ್ಜಿನ್ ಬಿಡಿ. ಪ್ರತಿ ಹಾಳೆಗೂ ಹೆಸರು, ಪುಟದ ಸಂಖ್ಯೆ. ಝೆರಾಕ್ಸ್ ಇಟ್ಟುಕೊಳ್ಳದೆ ಏನನ್ನೂ ಕಳಿಸಬೇಡಿ, ನನ್ನದೊಂದು ಲಕೋಟೆ ದಾರಿಯಲ್ಲೇ ಕಳೆದುಹೋಗಿದೆ. 75 ಜಿಎಸ್‌ಎಂನ (ಚದರ ಮೀಟರಿಗೆ 75 ಗ್ರಾಂ ತೂಗುವ) ಎ4 ಹಾಳೆ ಒಂದು ಹೆಚ್ಚುಕಡಿಮೆ 4.7 ಗ್ರಾಂ ತೂಗುತ್ತದೆ, 20 ಹಾಳೆಗೆ 94 ಗ್ರಾಂ, ಲಕೋಟೆ ಬೇರೆ. ತೂಕ ನೋಡಿ ಚೀಟಿ ಹಚ್ಚಿ. ನಾನು ರಿಜಿಸ್ಟರ್ಡ್ ಪೋಸ್ಟ್ ಮಾಡುತ್ತಿದ್ದೆ. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ.

ಕೋರ್ಸ್ ಮುಗಿದ ಮೇಲೆ 2024ರಲ್ಲಿ ಪೂರ್ತಿ ಬರೆದೆ. ಬೆಳಿಗ್ಗೆ ಐದರಿಂದ ಆರೂವರೆ, ನೋಟ್‌ಬುಕ್‌ನ ಎರಡು ಪುಟ, ಸುಮಾರು 280 ಪದ. ನಮ್ಮಲ್ಲಿ ಬೇಸಿಗೆಯಲ್ಲಿ ಎಂಟಾದರೆ ಮಾಳಿಗೆ ಮೇಲೆ ಕೂರೋಕೆ ಆಗಲ್ಲ. ಏಳು ತಿಂಗಳಿಗೆ 58,000 ಪದ ಆಯಿತು. ಎರಡನೇ ಸಲ ಬರೆಯುವಾಗ 46,000ಕ್ಕೆ ಇಳಿಯಿತು. ಹೋದದ್ದರಲ್ಲಿ ಬಹಳಷ್ಟು ನಾನು ಓದುಗನಿಗೆ ತಿಳಿಹೇಳುತ್ತಿದ್ದ ಮಾತುಗಳು.

ಹೋದ ತಿಂಗಳು ಊರಿಗೆ ಹೋಗಿ ನಮ್ಮ ಕಾಕಾಗೆ ಒಂಬತ್ತನೇ ಅಧ್ಯಾಯ ಓದಿ ಹೇಳಿದೆ. ಪಂಚಮಿ ದಿನ ಸಣ್ಣ ಸೊಸೆ ಜೋಕಾಲಿ ಆಡಿ, ಸೆರಗಿನಲ್ಲಿ ತೊಗರಿ ಹೂವು ತುಂಬಿಕೊಂಡು ಬರುತ್ತಾಳೆ. ಸರ್‌ಗೆ ತುಂಬಾ ಹಿಡಿಸಿದ್ದ ಜಾಗ ಅದು. ಕಾಕಾ ಕೈ ಎತ್ತಿ ನಿಲ್ಲಿಸಿದರು. "ಪಂಚಮಿಗಿ ತೊಗರಿ ಮೊಣಕಾಲ ಮಟ ಇರ್ತದ. ಹೂವ ಎಲ್ಲಿಂದ ಬಂದ್ವು? ದೀಪಾವಳಿ ಹೊತ್ತಿಗಿ ಬಾ ನೋಡ್ಲಕ್" ಅಂದರು. ಜೂನ್ ಜುಲೈನಲ್ಲಿ ಬಿತ್ತಿದ್ದು ಶ್ರಾವಣಕ್ಕೆ ಹೂವು ಬಿಡುವುದಿಲ್ಲ, ಮೈಸೂರಿನವರಿಗೆ ಅದು ಗೊತ್ತಾಗುವ ಹಾಗೂ ಇರಲಿಲ್ಲ. ಜೋಕಾಲಿ ಬಿಡೋಕೆ ನನಗೆ ಮನಸ್ಸಿಲ್ಲ. "ಹಂಗಾದ್ರ ಆಗ ಹೊಲದಾಗ ಏನಿರ್ತದ ಕಾಕಾ?" ಅಂತ ಕೇಳಿದೆ. "ಹೆಸರು ಇರ್ತದಲ್ಲ, ಎಳೀ ಕಾಯಿ" ಅಂದರು.

ಈಗ ಅವಳ ಸೆರಗಿನಲ್ಲಿ ಹಸಿ ಹೆಸರುಕಾಯಿ ಇದೆ. ತೊಗರಿ ಹೂವು ಬರುವ ಇನ್ನೂ ಎರಡು ಜಾಗ ಉಳಿದಿವೆ. ಹದಿನೇಳನೇ ಅಧ್ಯಾಯದ್ದು ಸುಲಭ, ಹನ್ನೆರಡನೆಯದನ್ನು ಪೂರ್ತಿ ಬರೆಯಬೇಕು.