ಗೆರೆ ಮಿಸುಕಲು ಮೂರು ಸಲ ಬಿಡಿಸಬೇಕಿಲ್ಲ

ಕೈಯಲ್ಲಿ ಬಿಡಿಸಿದ ಅನಿಮೇಷನ್‌ನಲ್ಲಿ ಪಾತ್ರ ಸುಮ್ಮನೆ ನಿಂತಿದ್ದರೂ ಗೆರೆ ಸಣ್ಣಗೆ ಮಿಸುಕುತ್ತಿರುತ್ತದೆ. ಅದಕ್ಕಾಗಿ ಒಂದೇ ಚಿತ್ರವನ್ನು ಮೂರು ಸಲ ಬಿಡಿಸಿ ಸುತ್ತು ಹಾಕಿಸುವುದು ಹಳೆಯ ದಾರಿ. 2024ರ ನವೆಂಬರ್‌ನಲ್ಲಿ ಬಂದ 3ಡಿ ತಂತ್ರಾಂಶ ಬ್ಲೆಂಡರ್ 4.3ರಲ್ಲಿ, ಅದರೊಳಗೆ ಗೆರೆ ಬಿಡಿಸುವ ಸಲಕರಣೆಯಾದ ಗ್ರೀಸ್ ಪೆನ್ಸಿಲ್ ಅನ್ನು ಬುಡದಿಂದ ಹೊಸದಾಗಿ ಕಟ್ಟಿದ್ದಾರೆ. ಲೇಯರ್ (ಚಿತ್ರದ ಪದರ) ಗುಂಪುಗಳು ಬಂದವು, ನೋಡ್ ಎಂಬ ಚಿಕ್ಕ ಪೆಟ್ಟಿಗೆಗಳನ್ನು ಜೋಡಿಸಿ ಆಕಾರ ಬದಲಿಸುವ ಜಿಯೋಮೆಟ್ರಿ ನೋಡ್ಸ್ ಗೆರೆಗಳ ಮೇಲೂ ನಡೆಯತೊಡಗಿತು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಲಾಭ. ಈಗ ಮಿಸುಕಾಟವನ್ನೆಲ್ಲ ಅದರಲ್ಲೇ ಮಾಡುತ್ತೇನೆ.

ಗೆರೆಯನ್ನು ಅಲುಗಿಸಲು ನಾಯ್ಸ್ ಮಾಡಿಫೈಯರ್ (ಮೂಲ ಚಿತ್ರ ಮುಟ್ಟದೆ ಮೇಲಿಂದ ಬದಲಾವಣೆ ಹಾಕುವ ಸಲಕರಣೆ) ಮೊದಲಿಂದಲೂ ಇದೆಯಲ್ಲ ಎನ್ನಬಹುದು. ಅದು ಸ್ಟ್ರೋಕಿನ, ಅಂದರೆ ಒಂದೇ ಎಳೆತದ ಗೆರೆಯ, ಬಿಂದುಗಳ ಕ್ರಮ ನೋಡಿ ಅಲುಗಿಸುತ್ತದೆ, ಬಿಂದು ಇರುವ ಜಾಗ ನೋಡಿ ಅಲ್ಲ. ಫಿಲ್ ಟೂಲ್‌ನಿಂದ ತುಂಬಿದ ಬಣ್ಣ ಬೇರೆಯೇ ಸ್ಟ್ರೋಕ್ ಆದ್ದರಿಂದ ಗೆರೆ ಒಂದು ಕಡೆ, ಬಣ್ಣ ಇನ್ನೊಂದು ಕಡೆ ಹೋಗಿ ನಡುವೆ ಬಿರುಕು ಕಾಣುತ್ತದೆ. ಜಾಗ ನೋಡಿ ಅಲುಗಿಸಿದರೆ ಅಕ್ಕಪಕ್ಕದ ಬಿಂದುಗಳು ಯಾವ ಸ್ಟ್ರೋಕಿನವಾದರೂ ಜೊತೆಯಾಗಿ ಸರಿಯುತ್ತವೆ.

ನೋಡ್‌ಗಳು ಬಹಳವೇನೂ ಬೇಡ. ಆಬ್ಜೆಕ್ಟಿಗೆ ಜಿಯೋಮೆಟ್ರಿ ನೋಡ್ಸ್ ಮಾಡಿಫೈಯರ್ ಸೇರಿಸಿ, ಗ್ರೂಪ್ ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ ಬಿಂದುಗಳನ್ನು ಸರಿಸುವ ಸೆಟ್ ಪೊಸಿಷನ್ ನೋಡ್ ಇಡುತ್ತೇನೆ. ಜಾಗಕ್ಕೆ ತಕ್ಕ ಏರಿಳಿತದ ಬೆಲೆ ಕೊಡುವ ನಾಯ್ಸ್ ಟೆಕ್ಸ್ಚರ್ ತಂದು 4ಡಿ ಆಯ್ದು, ಸ್ಕೇಲ್ 2.5, ಡೀಟೇಲ್ 0 ಮಾಡುತ್ತೇನೆ. ಅದರ ಕಲರ್ ಔಟ್‌ಪುಟ್‌ನಿಂದ ವೆಕ್ಟರ್ ಮ್ಯಾಥ್‌ನಲ್ಲಿ ಮೂರೂ ಕಡೆ 0.5 ಕಳೆದು, ಇನ್ನೊಂದು ವೆಕ್ಟರ್ ಮ್ಯಾಥ್‌ನಲ್ಲಿ 0.03, 0, 0.03ರಿಂದ ಗುಣಿಸಿ ಆಫ್‌ಸೆಟ್‌ಗೆ ಜೋಡಿಸುತ್ತೇನೆ. ಇದು ಸುಮಾರು 2 ಮೀಟರ್ ಎತ್ತರದ ಪಾತ್ರಕ್ಕೆ ಹಿಡಿಸುವ ಅಳತೆ.

0.5 ಕಳೆಯುವುದು ಮರೆತರೆ ಚಿತ್ರ ಇಡಿಯಾಗಿ ಒಂದು ಮೂಲೆಗೆ ಸರಿದು ಅಲ್ಲೇ ನಡುಗುತ್ತದೆ, ಏಕೆಂದರೆ ನಾಯ್ಸ್‌ನ ಬೆಲೆ 0.5ರ ಸುತ್ತ ಓಡಾಡುತ್ತದೆ. ನಡುವಿನ ಸೊನ್ನೆ ವೈ ದಿಕ್ಕಿನದು: ಮುಂಭಾಗದ ಸಮತಲದಲ್ಲಿ ಬಿಡಿಸಿದಾಗ ಅದು ಆಳದ ದಿಕ್ಕು. ಅಲ್ಲಿ ಬೆಲೆ ಉಳಿಸಿ ಯಾವ ಗೆರೆ ಮುಂದೆ ಕಾಣಬೇಕೆಂಬ ಸ್ಟ್ರೋಕ್ ಕ್ರಮವನ್ನು 3ಡಿ ಲೊಕೇಷನ್‌ಗೆ ಇಟ್ಟಿದ್ದರೆ ಗೆರೆಗಳು ಒಂದನ್ನೊಂದು ದಾಟಿ ಮಿಣುಕುತ್ತವೆ.

ವೇಗಕ್ಕೆ ಸೀನ್ ಟೈಮ್ ನೋಡ್‌ನ ಫ್ರೇಮ್ ಔಟ್‌ಪುಟ್ ತೆಗೆದುಕೊಂಡು 3ರಿಂದ ಭಾಗಿಸಿ, ದಶಾಂಶ ಬಿಟ್ಟು ಕೆಳಗಿನ ಪೂರ್ಣಸಂಖ್ಯೆಗೆ ಇಳಿಸುವ ಫ್ಲೋರ್ ಹಾಕಿ, ನಾಯ್ಸ್‌ನ ನಾಲ್ಕನೆಯ ಆಯಾಮವಾದ ಡಬ್ಲ್ಯೂಗೆ ಕೊಡುತ್ತೇನೆ. ಸೆಕೆಂಡಿಗೆ 24 ಫ್ರೇಮ್ ಇದ್ದರೆ ಗೆರೆ 8 ಸಲ ಬದಲಾಗುತ್ತದೆ. ಕೈಕೆಲಸದ ನಡಿಗೆ ಅದು. ಫ್ಲೋರ್ ಬಿಟ್ಟರೆ ಪ್ರತಿ ಫ್ರೇಮಿಗೂ ಗೆರೆ ಅದುರಿ ಕಣ್ಣಿಗೆ ಹಿಂಸೆ.

ಬಣ್ಣ ಮತ್ತು ಗೆರೆ ಆಗಲೂ ಬಿರಿಯುತ್ತಿದ್ದರೆ ಮೊದಲು ಸ್ಕೇಲ್ ನೋಡಿ. 20ಕ್ಕೆ ಏರಿಸಿದರೆ ಕೂದಲೆಳೆ ದೂರದ ಬಿಂದುಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ. 2ರಿಂದ 3ರೊಳಗೆ ಇಟ್ಟು, ಫಿಲ್ ಟೂಲ್‌ನ ಬಣ್ಣದ ಅಂಚು ಹಿಗ್ಗಿಸುವ ಡೈಲೇಟ್‌ನಲ್ಲಿ ಒಂದೆರಡು ಪಿಕ್ಸೆಲ್ ಹೆಚ್ಚು ಕೊಟ್ಟರೆ ಬಣ್ಣ ಗೆರೆಯ ಅಡಿಗೆ ನುಗ್ಗಿ ಕೂರುತ್ತದೆ. ಗೆರೆ ಮೂಲೆಮೂಲೆಯಾಗಿ ಮುರಿದಂತೆ ಕಂಡರೆ ಬಿಂದುಗಳು ಸಾಲದೆಂದು ಅರ್ಥ; ಬಿಂದುಗಳನ್ನು ಹೆಚ್ಚಿಸುವ ಸಬ್‌ಡಿವೈಡ್ ಮಾಡಿಫೈಯರನ್ನು ಪಟ್ಟಿಯಲ್ಲಿ ನೋಡ್ಸ್‌ಗಿಂತ ಮೇಲೆ ಇಡಬೇಕು, ಕೆಳಗಿಟ್ಟರೆ ಉಪಯೋಗವಿಲ್ಲ.

ಕಣ್ಣು ನಡುಗಬಾರದು. ನಡುಗಿದರೆ ನೋಟವೇ ಕದಲಿದಂತೆ ಕಾಣುತ್ತದೆ, ನಟನೆ ಕೆಡುತ್ತದೆ. ಮಿಸುಕಬೇಕಾದ ಲೇಯರ್‌ಗಳನ್ನೆಲ್ಲ ಒಂದು ಲೇಯರ್ ಗುಂಪಿಗೆ ಸೇರಿಸಿ, ನೇಮ್ಡ್ ಲೇಯರ್ ಸೆಲೆಕ್ಷನ್ ನೋಡ್‌ನಲ್ಲಿ ಆ ಗುಂಪಿನ ಹೆಸರು ಬರೆದು ಸೆಟ್ ಪೊಸಿಷನ್‌ನ ಸೆಲೆಕ್ಷನ್‌ಗೆ ಜೋಡಿಸುತ್ತೇನೆ. ಹೆಸರಿನ ಒಂದಕ್ಷರ ತಪ್ಪಿದರೂ ಏನೂ ಅಲುಗುವುದಿಲ್ಲ.

ಬಿಡಿಸುವಾಗ ಮಾಡಿಫೈಯರ್‌ನ ವ್ಯೂಪೋರ್ಟ್ (ಕೆಲಸದ ಪರದೆ) ಗುರುತನ್ನು ಆಫ್ ಮಾಡಿಡಿ, ಇಲ್ಲದಿದ್ದರೆ ಗೆರೆ ಪೆನ್ನಿನ ತುದಿಯಿಂದ ಪಕ್ಕಕ್ಕೆ ಬೀಳುತ್ತದೆ. ಹಳೆಯ ಫೈಲನ್ನು 4.3ರಲ್ಲಿ ತೆರೆದರೆ ಗ್ರೀಸ್ ಪೆನ್ಸಿಲ್ ಹೊಸ ರೂಪಕ್ಕೆ ತಾನಾಗಿಯೇ ಬದಲಾಗುತ್ತದೆ, ಆದರೆ ಸೇವ್ ಮಾಡಿದ ಮೇಲೆ ಆ ಚಿತ್ರಗಳು 4.2ರಲ್ಲಿ ತೆರೆಯುವುದಿಲ್ಲ. ಆದ್ದರಿಂದ ತೆರೆಯುವ ಮೊದಲೇ ಫೈಲಿನ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ.