"ಕೊಟ್ಟೆ" ಎಂದು ಬರೆದವರಿಗೆ ಮುಟ್ಟಾಳೆ: ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಹಾಳೆತಟ್ಟೆ ಘಟಕ ಇದೆ. ನಾಲ್ಕು ಮೆಷಿನು, ಕೆಲಸಕ್ಕೆ ಆರು ಜನ. ಬೇಸಿಗೆಯಲ್ಲಿ ತೋಟಗಳಿಂದ ಅಡಿಕೆ ಹಾಳೆ ಹೆಕ್ಕಿಸಿ, ಒಣಗಿಸಿ, ಅಟ್ಟಕ್ಕೆ ಹಾಕುತ್ತೇವೆ. ಮಳೆಗಾಲವಿಡೀ ಅದನ್ನೇ ನೆನೆಸಿ ಒತ್ತುತ್ತೇವೆ. ಒಂದು ತಟ್ಟೆಯಲ್ಲಿ ಉಳಿಯುವುದು ಪೈಸೆ ಲೆಕ್ಕದಲ್ಲಿ. ಹೀಗಿರುವಾಗ ದೊಡ್ಡ ಕೇಟರಿಂಗ್‌ನವರೊಬ್ಬರ ಖರೀದಿ ನೋಡಿಕೊಳ್ಳುವವರು ಫೋನ್ ಮಾಡಿ, "ಅಕ್ಕಾ, ತಟ್ಟೆಗೆ 25 ಪೈಸೆ ನನಗೆ ಬೇರೆ ಇಡಿ. ಪೆರ್ಲದವರು ಕೊಡ್ತಾರಲ್ವಾ" ಎಂದರು. ಆಗುವುದಿಲ್ಲ ಎಂದೆ. ಆರ್ಡರ್ ಕೈತಪ್ಪಿತು.

ಎರಡು ತಿಂಗಳ ನಂತರ ಪೆರ್ಲದ ಘಟಕದವರು ತಟ್ಟೆ ಒತ್ತುವ ಹತ್ತು ಇಂಚಿನ ಡೈ (ಅಚ್ಚು) ಕೇಳಿಕೊಂಡು ನಮ್ಮ ಶೆಡ್ಡಿಗೆ ಬಂದರು. ಚಾ ಕುಡಿಯುವಾಗ ಮಾತಿಗೆ ಮಾತು ಬಂತು. ಅವರ ಹತ್ತಿರ ಆ ಮನುಷ್ಯ ಹೇಳಿದ್ದು, "ಬದಿಯಡ್ಕದ ಅಕ್ಕ 30 ಪೈಸೆ ಕೊಡ್ತಾರೆ" ಎಂದು. ಅವರು ಹೆದರಿ 30 ಕೊಟ್ಟಿದ್ದರು. ಇಬ್ಬರೂ ಬಿಲ್ ಪುಸ್ತಕ ಬಿಡಿಸಿ ತಾರೀಕು ತಾಳೆ ಹಾಕಿದೆವು. ಒಂದೇ ವಾರದಲ್ಲಿ ಇಬ್ಬರಿಗೂ ಮತ್ತೊಬ್ಬರ ಹೆಸರು ಹೇಳಿದ್ದ. ನಾವು ಒಬ್ಬರಿಗೊಬ್ಬರು ಮಾತಾಡದೆ ಇದ್ದದ್ದೇ ಅವನ ಬಂಡವಾಳ ಆಗಿತ್ತು.

ಆಮೇಲೆ ಮುಳ್ಳೇರಿಯ, ಆದೂರು ಕಡೆಯವರನ್ನೂ ಕರೆದು ಹನ್ನೊಂದು ಘಟಕದವರು ಸೇರಿದೆವು. ಒಂದು ಒಪ್ಪಂದ ಬರೆದೆವು, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಯಾರ ಕೈಗೂ ಕಮಿಷನ್ ಇಲ್ಲ, ರಿಯಾಯಿತಿ ಕೊಡುವುದಿದ್ದರೆ ಬಿಲ್ಲಿನಲ್ಲೇ. ಯಾರಾದರೂ ಕೇಳಿದರೆ ಅಂದೇ ಸಂಜೆ ಎಲ್ಲರಿಗೂ ತಿಳಿಸುವುದು. ಉತ್ಸಾಹದಲ್ಲಿ "ಇಂಥ ರೇಟಿಗಿಂತ ಕೆಳಗೆ ಯಾರೂ ಮಾರಬಾರದು" ಎಂದೂ ಬರೆದಿದ್ದೆವು. ನಮ್ಮ ಆಡಿಟರು ನೋಡಿದವರೇ ಅದನ್ನು ಹೊಡೆದು ಹಾಕಿದರು. ವ್ಯಾಪಾರಿಗಳು ಸೇರಿ ಬೆಲೆ ಕಟ್ಟುವುದು 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ತಪ್ಪು. ಲಂಚ ಕೊಡುವುದಿಲ್ಲ ಎಂದು ಒಟ್ಟಾಗಬಹುದು, ರೇಟಿಗಾಗಿ ಒಟ್ಟಾಗುವ ಹಾಗಿಲ್ಲ. ಇಂಥ ಕೂಟ ಕಟ್ಟುವವರು ಇದೊಂದನ್ನು ಮೊದಲೇ ತಿಳಿದಿರಬೇಕು.

ಇನ್ನೊಂದು ವಿಷಯವೂ ಆಡಿಟರಿಂದಲೇ ಗೊತ್ತಾಯಿತು. ನಮ್ಮ 1988ರ ಭ್ರಷ್ಟಾಚಾರ ತಡೆ ಕಾಯ್ದೆ ಇರುವುದು ಸರಕಾರಿ ಕೆಲಸದಲ್ಲಿರುವವರ ಲಂಚಕ್ಕೆ. ಖಾಸಗಿ ಸಂಸ್ಥೆಯ ಖರೀದಿಯವರು ಕೇಳುವ ಕಮಿಷನ್ ಅದರಲ್ಲಿ ಬರುವುದಿಲ್ಲ. ಹಾಗಾಗಿ ನಾವು ನೇರ ಆ ಸಂಸ್ಥೆಯ ಮಾಲಕರಿಗೇ ಕಾಗದ ಬರೆದೆವು. ಹನ್ನೊಂದು ಸಹಿ ಹಾಕಿದೆವು. ಮೂರನೇ ದಿನ ಅವರೇ ಫೋನ್ ಮಾಡಿದರು. ಅಲ್ಲಿಂದ ಮುಂದೆ ಆರ್ಡರ್ ಅವರ ಆಫೀಸಿನಿಂದಲೇ ಬರತೊಡಗಿತು. ನಾನೊಬ್ಬಳೇ ಬರೆದಿದ್ದರೆ ಅವರು ಓದುತ್ತಿದ್ದರೋ ಇಲ್ಲವೋ.

ಸರಕಾರಿ ಕಚೇರಿಗಳ ಕಡೆ ನಮ್ಮ ಕಷ್ಟ ಬೇರೆ ಥರ. ನಮ್ಮಲ್ಲಿ ಹಲವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅರ್ಜಿ ತುಂಬಲು ಏಜೆಂಟರ ಹತ್ತಿರ ಹೋಗಬೇಕು. "ಒಳಗೆ ಸ್ವಲ್ಪ ಕೊಡಬೇಕು" ಎಂಬ ಮಾತು ಹುಟ್ಟುವುದೇ ಅಲ್ಲಿ. ಒಳಗೆ ಯಾರಾದರೂ ಕೇಳಿದ್ದಾರೋ ಅಥವಾ ಏಜೆಂಟರೇ ಇಟ್ಟುಕೊಂಡರೋ, ನಮಗೆ ಗೊತ್ತೇ ಆಗುವುದಿಲ್ಲ. ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಭಾಷಾ ಕಾಯ್ದೆಯಲ್ಲಿದೆ. ನಾವು ಆ ಹಕ್ಕನ್ನು ಹಿಡಿದುಕೊಂಡೆವು. ಕನ್ನಡದಲ್ಲೇ ಅರ್ಜಿ, ಕೈಯಲ್ಲಿ ರಶೀದಿ, ಜೊತೆಗೆ ಇಬ್ಬರು. ಒಬ್ಬರೇ ಹೋಗುವುದನ್ನು ಬಿಟ್ಟೆವು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಲಂಚದ ದೂರು ತೆಗೆದುಕೊಳ್ಳುವ ವಿಜಿಲೆನ್ಸಿನ 1064 ನಂಬರನ್ನು ಎಲ್ಲ ಶೆಡ್ಡುಗಳ ಗೋಡೆಗೂ ಅಂಟಿಸಿದೆವು.

ಹೀಗೆ ಒಟ್ಟಾಗಿ ನಿಂತವರಿಗೆ ಪ್ರಶಸ್ತಿ ಕೊಡುವ ಯೋಚನೆ ಬಂದದ್ದು ನನ್ನ ಅಣ್ಣನ ಮಗನಿಂದ. ನಮ್ಮ ಜಿಲ್ಲೆಯಲ್ಲಿ ಉದುಮ, ಬೇಕಲ ಕಡೆ ಹಡಗಿನಲ್ಲಿ ದುಡಿಯುವವರು ಜಾಸ್ತಿ. ಇವನೂ ಹಡಗಿನವನೇ. ರಜೆಯಲ್ಲಿ ಬಂದಾಗ, ಎಲ್ಲಿ ಏನು ಕೇಳಿದರು ಎಂದು ನಾವು ಬರೆದಿಡುವ ನೋಟ್‌ಬುಕ್ ನೋಡಿ, "ಅತ್ತೆ, ನಮ್ಮಲ್ಲೂ ಇದೇ ಇದೆ" ಎಂದ. ಕೆಲವು ಬಂದರುಗಳಲ್ಲಿ ಕ್ಯಾಪ್ಟನ್ನರ ಹತ್ತಿರ ಸಿಗರೇಟು ಕಾರ್ಟನ್ ಕೇಳುವುದು ಮಾಮೂಲು. ಒಂದು ಹಡಗಿನವರು ಕೊಡುವುದಿಲ್ಲ ಎಂದರೆ ಅದನ್ನು ಸುಮ್ನೆ ಕಾಯಿಸುತ್ತಾರೆ. ಅದಕ್ಕೆ 2011ರಲ್ಲಿ ಹಡಗು ಕಂಪನಿಗಳೇ ಸೇರಿ ಮ್ಯಾರಿಟೈಮ್ ಆ್ಯಂಟಿ ಕರಪ್ಷನ್ ನೆಟ್‌ವರ್ಕ್ ಎಂಬ ಕೂಟ ಕಟ್ಟಿದವು. ಎಲ್ಲಿ, ಯಾವಾಗ, ಏನು ಕೇಳಿದರು ಎಂದು ಹಡಗಿನವರು ಹೆಸರು ಹೇಳದೆ ಅಲ್ಲಿಗೆ ಬರೆಯುತ್ತಾರೆ. ವ್ಯಾಪಾರದಲ್ಲಿ ಪೈಪೋಟಿ ಇರುವವರೇ ಇದರಲ್ಲಿ ಒಂದಾಗಿದ್ದಾರೆ. ಹೀಗೆ ಒಟ್ಟಾಗಿ ಲಂಚ ತಡೆಯುವ ಕೂಟಗಳಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಇನ್‌ಸ್ಟಿಟ್ಯೂಟ್ ಆನ್ ಗವರ್ನೆನ್ಸ್ 2022ರಲ್ಲಿ ಪ್ರಶಸ್ತಿ ಕೊಡಲು ಶುರು ಮಾಡಿದೆ ಎಂದೂ ಅವನೇ ಹೇಳಿದ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರಾಮಾಣಿಕ ಮನುಷ್ಯನಿಗೆ ಶಾಲು ಹೊದಿಸುವುದು ನಮ್ಮಲ್ಲಿ ಬೇಕಾದಷ್ಟಿದೆ. ಒಟ್ಟಾಗಿ ನಿಂತವರಿಗೆ ಏನಿದೆ?

ಡಿಸೆಂಬರ್ 9 ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ದಿನ. ನಮ್ಮ ಪ್ರಶಸ್ತಿಯನ್ನು ಅಂದೇ ಕೊಡುವುದು ಎಂದಾಯಿತು. ಒಬ್ಬೊಬ್ಬರಿಗೆ ಇಲ್ಲ, ಕನಿಷ್ಠ ಐದು ಜನರ ಕೂಟಕ್ಕೆ ಮಾತ್ರ. ದುಡ್ಡಿನ ಬಹುಮಾನ ಬೇಡ. ನಮ್ಮಿಂದ ಕೊಳ್ಳುವವರ, ನಮಗೆ ಮಾರುವವರ ದೇಣಿಗೆಯೂ ಬೇಡ. ಒಬ್ಬರು ಊಟದ ಖರ್ಚು ಪೂರ್ತಿ ನಮ್ಮದು ಎಂದು ಪ್ರೀತಿಯಿಂದಲೇ ಬಂದರು. ಕೈ ಮುಗಿದು ಬೇಡ ಎಂದೆವು. ಸಭಾಂಗಣದ ಬಾಡಿಗೆ, ಊಟ ಎಲ್ಲ ಹನ್ನೊಂದು ಪಾಲು ಮಾಡಿಕೊಂಡೆವು.

ಕಷ್ಟ ಆದದ್ದು ಆಯ್ಕೆ. ನಡೆಯದೇ ಹೋದ ಲಂಚವನ್ನು ಅಳೆಯುವುದು ಹೇಗೆ? ಅರ್ಜಿ ಹಾಕುವ ಕೂಟಗಳಿಗೆ ಆರು ತಿಂಗಳು ಮೊದಲೇ ನೋಟ್‌ಬುಕ್ ಕೊಟ್ಟೆವು. ಐದು ಕಾಲಂ: ತಾರೀಕು, ಜಾಗ, ಏನು ಕೇಳಿದರು, ನಾವು ಏನು ಮಾಡಿದೆವು, ಎಷ್ಟು ಹೊತ್ತು ಕಾದೆವು. ಕೇಳಿದವರ ಹೆಸರು ಬರೆಯುವ ಹಾಗಿಲ್ಲ. ಹೆಸರು ಬಂದರೆ ಹಗೆ ತೀರಿಸುವ ಪುಸ್ತಕ ಆಗುತ್ತದೆ, ಮಾನನಷ್ಟದ ಕೇಸಿಗೂ ದಾರಿ. ಹೆಸರು ಹೇಳಬೇಕಾದ ಜಾಗ ದೂರಿನ ಅರ್ಜಿ.

ಕೊನೆಗೆ ಉಳಿದದ್ದು ಎರಡು ಕೂಟ. ಬೇಕರಿಯವರ ನೋಟ್‌ಬುಕ್ ಪೂರ್ತಿ ಖಾಲಿ, ಮೊದಲ ಪುಟದಲ್ಲಿ "ಯಾರೂ ಕೇಳಿಲ್ಲ" ಎಂದು ಮಾತ್ರ ಇತ್ತು. ಪಿಕಪ್ ಚಾಲಕರದ್ದು ಮಣ್ಣು, ಡೀಸೆಲ್ ಕಲೆ, ಮೂರು ಬಣ್ಣದ ಪೆನ್ನು. ಹದಿನಾಲ್ಕು ಕಡೆ ಕೇಳಿದ್ದು ದಾಖಲಾಗಿತ್ತು. ಹನ್ನೆರಡರ ಮುಂದೆ "ಕೊಡಲಿಲ್ಲ". ಎರಡರ ಮುಂದೆ "ಕೊಟ್ಟೆ, 200". ಒಂದರ ಕೆಳಗೆ ಸಣ್ಣ ಅಕ್ಷರದಲ್ಲಿ, "ಮಗಳಿಗೆ ಜ್ವರ, ಮನೆಗೆ ಹೋಗಬೇಕಿತ್ತು."

ಆಯ್ಕೆಗೆ ಕೂತವರು ಮೂವರು: ನಿವೃತ್ತ ಕನ್ನಡ ಮೇಷ್ಟ್ರು, ಆಡಿಟರು, ಕಾಸರಗೋಡು ಪೇಟೆಯ ಔಷಧಿ ಅಂಗಡಿಯವರು. ಕೊಟ್ಟವರಿಗೆ ಪ್ರಶಸ್ತಿ ಹೇಗೆ ಎಂದು ಆಡಿಟರು ಪಟ್ಟು ಹಿಡಿದರು. ಮೇಷ್ಟ್ರು ಆ ಪುಟವನ್ನು ಗಟ್ಟಿಯಾಗಿ ಓದಿದರು. "ಇದನ್ನು ಬರೆದವನು ಬರೆಯದೆ ಬಿಡಬಹುದಿತ್ತು. ಆ ಕೂಟದಲ್ಲಿ ಇದನ್ನು ಹೇಳಿಕೊಳ್ಳಲು ಹೆದರಿಕೆ ಇಲ್ಲ. ನನಗೆ ಅಷ್ಟು ಸಾಕು" ಎಂದರು. ನನಗೂ ಹಾಗೇ ಅನ್ನಿಸಿತ್ತು, ಆದರೆ ಬಾಯಿ ಹಾಕಲಿಲ್ಲ. ಎರಡು ಗಂಟೆ ಚರ್ಚೆಯಾಗಿ ಮೂವರೂ ಒಪ್ಪಿದರು.

ಪ್ರಶಸ್ತಿ ಎಂದು ಇಟ್ಟದ್ದು ಹೊಸ ಹಾಳೆಯಲ್ಲಿ ಕಟ್ಟಿದ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ, ಕೂಟದ ಪ್ರತಿಯೊಬ್ಬರಿಗೂ ಒಂದೊಂದು. ಒಂಬತ್ತು ಜನ ಸಾಲಾಗಿ ಬಂದರು. ಕೊನೆಯವನು ಮೆಟ್ಟಿಲ ಹತ್ತಿರವೇ ನಿಂತ. ಮೇಷ್ಟ್ರು ತಾವೇ ಕೆಳಗಿಳಿದು ಹೋಗಿ ಅವನ ತಲೆಗೆ ಮುಟ್ಟಾಳೆ ಇಟ್ಟರು.

ಹದಿನೈದು ದಿನ ಕಳೆದು ಬೇಕರಿ ಕೂಟದವರು ಇಬ್ಬರು ಶೆಡ್ಡಿಗೆ ಬಂದರು. ಚೀಲದಿಂದ ಹೊಸ ನೋಟ್‌ಬುಕ್ ತೆಗೆದು, "ಅಕ್ಕಾ, ಆ ಐದು ಕಾಲಂ ಹೇಗೆ ಎಳೆಯುವುದು, ಇನ್ನೊಮ್ಮೆ ತೋರಿಸಿ" ಎಂದರು. ಮೆಷಿನ್ ನಿಲ್ಲಿಸಿ, ಕೈ ಒರೆಸಿಕೊಂಡು, ಸ್ಕೇಲು ಹುಡುಕಿದೆ.