ಸೈಕಲ್ ಚಕ್ರ ಕೈಯಲ್ಲೇ ಕಟ್ಟೋದು: ಕಡ್ಡಿ ಮೀಟಿ ನೋಡಿ

ಮಂಡ್ಯದಲ್ಲಿ ನಮ್ಮಪ್ಪನದ್ದು ಸೈಕಲ್ ಶಾಪ್. ನಾನು ಮೊದಲ ಚಕ್ರ ಕಟ್ಟಿದ್ದು 16ನೇ ವಯಸ್ಸಿನಲ್ಲಿ. ಹಾಲು ಹಾಕುವ ಅಣ್ಣನೊಬ್ಬರ ದೊಡ್ಡ ಸೈಕಲ್ಲಿನ ಹಿಂದಿನ ಚಕ್ರ ಅದು. ಹಳೇ ದೊಡ್ಡ ಸೈಕಲ್ಲಿಗೆ ಮುಂದೆ 32 ಕಡ್ಡಿ (ಸ್ಪೋಕ್), ಹಿಂದೆ 40. ಭಾರವೆಲ್ಲ ಹಿಂದೆ ತಾನೇ ಬೀಳೋದು? ಕಟ್ಟಿ ತಿರುಗಿಸಿದರೆ ಕೂದಲೆಳೆಯಷ್ಟೂ ಬೆಂಡ್ ಇರಲಿಲ್ಲ. ಮೂರು ವಾರಕ್ಕೆ ಅಣ್ಣ ಸೈಕಲ್ ತಳ್ಳಿಕೊಂಡು ಬಂದರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ, ಎರಡು ಕ್ಯಾನ್ ಹಾಲು ಹೇರಿದ್ದಾಗ, ಎರಡು ಕಡ್ಡಿ ಮುರಿದಿದ್ದವು.

ಅಪ್ಪ ಬೈಯಲಿಲ್ಲ. ಉಳಿದ ಕಡ್ಡಿಗಳನ್ನು ಉಗುರಿನಲ್ಲಿ ಒಂದೊಂದಾಗಿ ಮೀಟುತ್ತಾ ಹೋದರು. ಒಂದು ಟಿಣ್ ಅಂದರೆ ಪಕ್ಕದ್ದು ಡಬ್ ಅಂತಿತ್ತು. "ಮೀಟಿ ನೋಡಿದ್ಯೇನವ್ವಾ?" ಅಂದರು. ನಾನು ನೋಡಿರಲಿಲ್ಲ. ಕಣ್ಣಿಗೆ ನೇರ ಕಂಡಿದ್ದಕ್ಕೇ ಸಾಕು ಅಂದುಕೊಂಡಿದ್ದೆ.

ಚಕ್ರ ಉರುಳುವಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ಸ್ವಲ್ಪ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ಮೊದಲೇ ಸಡಿಲ ಇರುವ ಕಡ್ಡಿ ಪ್ರತಿ ಸುತ್ತಿಗೂ ಪೂರ್ತಿ ಜೋಲು ಬೀಳುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರೀತೀವಲ್ಲ, ಹಾಗೇ ಚಕ್ರದ ನಡುವಿನ ಹಬ್ಬಿನ ಹತ್ತಿರದ ಬಾಗಿನಲ್ಲಿ ಮುರಿಯುತ್ತದೆ. ಹಾಗಾಗಿ ಬೆಂಡ್ ತೆಗೆಯೋದಕ್ಕಿಂತ ಬಿಗಿ ಸಮ ಮಾಡೋದೇ ದೊಡ್ಡ ಕೆಲಸ.

ಮೊದಲ ಸಲ ಕಟ್ಟುವವರು 36 ಕಡ್ಡಿಯ ಮುಂದಿನ ಚಕ್ರ ತಗೊಳ್ಳಿ. ಅದೇ ಹಬ್, ಅದೇ ಥರದ ರಿಮ್ ಹಾಕುವುದಾದರೆ ಹಳೇ ಕಡ್ಡಿ ಒಂದನ್ನು ಅಂಗಡಿಗೆ ಒಯ್ದು, ಅದೇ ಉದ್ದದ್ದು ಕೇಳಿ. ಅಂದಾಜಿನ ಮೇಲೆ ತರಬೇಡಿ. ಕಡ್ಡಿ ತುದಿಯ ಮರೆಗೆ, ಅಂದರೆ ಥ್ರೆಡ್ಡಿಗೆ, ಒಂದೊಂದು ತೊಟ್ಟು ಮಿಷಿನ್ ಎಣ್ಣೆ ಮುಟ್ಟಿಸಿ.

ಹಬ್ಬಿನ ಒಂದೊಂದು ತಟ್ಟೆಯಲ್ಲಿ 18 ತೂತು ಇರುತ್ತವೆ. ಬಲಗಡೆ ತಟ್ಟೆಯಲ್ಲಿ ಒಂದು ಬಿಟ್ಟು ಒಂದರಂತೆ 9 ಕಡ್ಡಿಗಳನ್ನು ಹೊರಗಿನಿಂದ ಒಳಕ್ಕೆ ತೂರಿಸಿ. ರಿಮ್ಮಿನ ತೂತುಗಳನ್ನು ಹತ್ತಿರದಿಂದ ನೋಡಿ: ಒಂದು ಬಲಕ್ಕೆ ವಾಲಿದ್ದರೆ ಮುಂದಿನದು ಎಡಕ್ಕೆ. ವಾಲ್ವ್ ತೂತಿನ ಪಕ್ಕದ, ಬಲಕ್ಕೆ ವಾಲಿದ ತೂತಿಗೆ ಮೊದಲ ಕಡ್ಡಿ. ಆಮೇಲೆ ಮೂರು ತೂತು ಬಿಟ್ಟು ನಾಲ್ಕನೆಯದಕ್ಕೆ ಒಂದೊಂದು. ಎಡಗಡೆಯೂ ಹೀಗೇ 9. ಈಗ ಕಡ್ಡಿಗಳು ಓರೆಯಾಗಿ ನಿಲ್ಲುವಂತೆ ಹಬ್ಬನ್ನು ತಿರುವಿ. ಉಳಿದ 18 ಕಡ್ಡಿ ಒಳಗಿನಿಂದ ಹೊರಕ್ಕೆ ಬಂದು, ಎದುರು ದಿಕ್ಕಿಗೆ ಹೋಗುತ್ತವೆ. ಒಂದೊಂದೂ ತನ್ನ ಕಡೆಯ ಮೂರು ಕಡ್ಡಿಗಳನ್ನು ದಾಟಬೇಕು. ಮೊದಲೆರಡರ ಮೇಲಿಂದ, ಮೂರನೆಯದರ ಅಡಿಯಿಂದ. ಮೂರನೆಯದಕ್ಕೆ ಕಡ್ಡಿಯನ್ನು ಕೈಯಲ್ಲೇ ಸ್ವಲ್ಪ ಬಗ್ಗಿಸಬೇಕಾಗುತ್ತದೆ, ಹೆದರಬೇಡಿ. ಕೊನೆಗೆ ವಾಲ್ವ್ ತೂತಿನ ಎರಡೂ ಪಕ್ಕದ ಕಡ್ಡಿಗಳು ಹೆಚ್ಚುಕಮ್ಮಿ ಸಮಾನಾಂತರವಾಗಿ ನಿಂತಿರಬೇಕು. ಅಲ್ಲಿ ಒಂದನ್ನೊಂದು ದಾಟುತ್ತಿದ್ದರೆ ಪಂಪ್ ಹಿಡಿಸೋಕೆ ಜಾಗ ಸಾಲದು, ಬಿಚ್ಚಿ ಮತ್ತೆ ಹಾಕಿ.

ನಿಪ್ಪಲ್‌ಗಳನ್ನೆಲ್ಲ (ಕಡ್ಡಿಯ ತುದಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಮರೆ ಈಗಷ್ಟೇ ಕಾಣೆಯಾಗುವಷ್ಟು ತಿರುಗಿಸಿ, ಎಲ್ಲವೂ ಒಂದೇ ಮಟ್ಟಕ್ಕೆ. ಆಮೇಲೆ ವಾಲ್ವಿನಿಂದ ಶುರು ಮಾಡಿ ಒಂದೊಂದಕ್ಕೂ ಅರ್ಧ ಸುತ್ತು. ದಿಕ್ಕಿನಲ್ಲಿ ಎಲ್ಲರೂ ತಪ್ಪುತ್ತಾರೆ. ರಿಮ್ಮಿನ ಹೊರಗಿನಿಂದ ಸ್ಕ್ರೂಡ್ರೈವರ್ ಹಾಕಿದರೆ ಗಡಿಯಾರದ ಮುಳ್ಳಿನ ಕಡೆಗೆ ಬಿಗಿ. ಹಬ್ಬಿನ ಕಡೆಯಿಂದ ನೋಡುತ್ತಾ ನಿಪ್ಪಲ್ ಕೀ ತಿರುಗಿಸಿದರೆ ಅದೇ ಉಲ್ಟಾ ಕಾಣುತ್ತದೆ.

ಬೆಂಡ್ ನೋಡೋಕೆ ಸ್ಟ್ಯಾಂಡ್ ಬೇಡ. ಸೈಕಲ್ ತಲೆಕೆಳಗೆ ಮಾಡಿ, ಚಕ್ರ ಫೋರ್ಕಿಗೆ ಹಾಕಿ, ಒಂದು ಸೀಮೆಸುಣ್ಣವನ್ನು ಫೋರ್ಕಿಗೆ ಒತ್ತಿ ಹಿಡಿದು ಚಕ್ರ ತಿರುಗಿಸಿ. ರಿಮ್ ಎಲ್ಲಿ ಹೊರಕ್ಕೆ ಬಂದಿದೆಯೋ ಅಲ್ಲಿ ಸುಣ್ಣ ಗೀರುತ್ತದೆ. ಬಲಗಡೆ ಗೀರಿದರೆ ಅಲ್ಲಿನ ಎಡಗಡೆ ಕಡ್ಡಿಗೆ ಕಾಲು ಸುತ್ತು ಬಿಗಿ, ಬಲಗಡೆಯದ್ದಕ್ಕೆ ಕಾಲು ಸುತ್ತು ಸಡಿಲ. ಮೇಲಕ್ಕೆ ಉಬ್ಬಿದ್ದರೆ ಅಲ್ಲಿನ ಎಡ ಬಲ ಎರಡನ್ನೂ ಬಿಗಿ ಮಾಡಿ. ಆಮೇಲೆ ಚಕ್ರವನ್ನು ಫೋರ್ಕಿನಲ್ಲಿ ತಿರುವಿ ಹಾಕಿ. ರಿಮ್ ಒಂದು ಕಡೆಗೆ ಸರಿದು ಕಂಡರೆ ನಡುವೆ ಕೂತಿಲ್ಲ ಅಂತ.

ಈಗ ಮೀಟಿ. ನಮ್ಮ ಕಡೆ ಮಂಟೇಸ್ವಾಮಿ ಕತೆ ಹಾಡುವ ನೀಲಗಾರರು ಕತೆ ಶುರು ಮಾಡುವ ಮೊದಲು ತಂಬೂರಿ ಮೀಟಿ ಶ್ರುತಿ ನೋಡ್ತಾರಲ್ಲ, ಅಷ್ಟೇ ಗಮನ ಕೊಟ್ಟು ಕೇಳಿ. ಎಲ್ಲವೂ ಹತ್ತಿರ ಹತ್ತಿರ ಒಂದೇ ಸ್ವರ ಕೊಡಬೇಕು. ಗೇರ್ ಸೈಕಲ್ಲಿನ ಹಿಂದಿನ ಚಕ್ರವಾದರೆ ಬಲಗಡೆ ಸ್ವರ ಜಾಸ್ತಿ ಇರುವುದು ಸರಿಯೇ. ಅಲ್ಲಿ ಬಲವನ್ನು ಬಲದ ಜೊತೆ, ಎಡವನ್ನು ಎಡದ ಜೊತೆ ಹೋಲಿಸಿ. ಡಬ್ ಅನ್ನುವ ಕಡ್ಡಿ ಸಿಕ್ಕರೆ ಸುಮ್ನೆ ಅದೊಂದನ್ನೇ ಬಿಗಿ ಮಾಡಿದರೆ ಬೆಂಡ್ ಬರುತ್ತದೆ. ಅದೇ ಕಡೆ ಅಕ್ಕಪಕ್ಕದ ಎರಡನ್ನು ಸ್ವಲ್ಪ ಸಡಿಲಿಸಿ, ಇದನ್ನು ಏರಿಸಿ.

ನಾನು ಅವತ್ತು ಬಿಟ್ಟಿದ್ದ ಇನ್ನೊಂದು ಕೆಲಸ: ಒಂದೇ ಕಡೆಯ, ಸಮಾನಾಂತರವಾಗಿರುವ ಕಡ್ಡಿಗಳನ್ನು ಎರಡೆರಡಾಗಿ ಅಂಗೈಯಲ್ಲಿ ಹಿಡಿದು ಬಲವಾಗಿ ಹಿಸುಕೋದು. ಟಕ್ ಟಕ್ ಅನ್ನುತ್ತವೆ. ಬಾಗು ತಟ್ಟೆಗೆ ಒತ್ತಿಕೊಂಡು ಕೂರುತ್ತದೆ, ಬಿಗಿ ಮಾಡುವಾಗ ತಿರುಚಿಕೊಂಡ ಕಡ್ಡಿ ನೆಟ್ಟಗಾಗುತ್ತದೆ. ಹಿಸುಕಿದ ಮೇಲೆ ಬೆಂಡ್ ಮತ್ತೆ ಕಾಣಿಸುತ್ತದೆ, ತೆಗೆಯಿರಿ. ಎರಡು ಮೂರು ಸಲ ಹೀಗೆ ಮಾಡಿ. ಇನ್ನು ಹಿಸುಕಿದರೂ ಸದ್ದಿಲ್ಲ, ಬೆಂಡ್ ಬರೋದಿಲ್ಲ ಅಂದಾಗ ರಿಮ್ ಟೇಪ್ ಸುತ್ತಿ, ಟ್ಯೂಬ್ ಟೈರ್ ಹಾಕಿ.

ಹಾಲಿನ ಅಣ್ಣನ ಚಕ್ರವನ್ನು ಅವತ್ತೇ ಪೂರ್ತಿ ಬಿಚ್ಚಿ, ಹೊಸ ಕಡ್ಡಿ ಹಾಕಿ ನಾನೇ ಮತ್ತೆ ಕಟ್ಟಿದೆ. ಅಪ್ಪ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು ವಾರ ಬಿಟ್ಟು ಅಣ್ಣನನ್ನು ಕರೆಸಿ ಇನ್ನೊಮ್ಮೆ ಮೀಟಿ ನೋಡಿದೆ. ಎರಡು ಕಡ್ಡಿಗೆ ಮಾತ್ರ ಕಾಲು ಸುತ್ತು ಬೇಕಾಯಿತು.